ಹಡಗಿನಲ್ಲಿ ಹೋದದ್ದು, ಲೇತಿನಲ್ಲಿ ಬಂದದ್ದು

ಪೀಣ್ಯ ಎರಡನೇ ಹಂತದಲ್ಲಿ ಪಂಚಾಕ್ಷರಿಯ ಶೆಡ್ಡು ಎಲ್ಲಿ ಎಂದು ಯಾರನ್ನು ಕೇಳಿದರೂ ಮೊದಲು ನಕ್ಕು, ಆಮೇಲೆ ದಾರಿ ಹೇಳುತ್ತಿದ್ದರು. ಅಂಥ ಹೆಸರು ಮಾಡಿದ್ದ ಪುಣ್ಯಾತ್ಮ. ಕಬ್ಬಿಣವನ್ನು ತಿರುಗಿಸಿ ಕೆತ್ತುವ ನಾಲ್ಕು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಮೇಲೆ ತಗಡಿನ ಸೂರು. ಪಂಪ್ ಕಂಪನಿಯೊಂದಕ್ಕೆ ಬುಷ್ಷು, ಶಾಫ್ಟು ತಿರುವಿ ಕೊಡುವ ಕೆಲಸ. ಕೈ ಮಾತ್ರ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಅವನ ಶೆಡ್ಡಿನಲ್ಲಿ ತಯಾರಾದ ಜಾಬನ್ನು ಕಂಪನಿಯವರು ಅಳೆಯದೆಯೇ ಒಳಗೆ ತೆಗೆದುಕೊಳ್ಳುತ್ತಿದ್ದರು. ಆದರೆ ಯಾರನ್ನಾದರೂ ಗೋಳು ಹೊಯ್ದುಕೊಳ್ಳದೆ ಅವನಿಗೆ ಮಧ್ಯಾಹ್ನದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ದಿನವೇ ಲೇತಿನಿಂದ ಆಗಷ್ಟೇ ಬಿಚ್ಚಿದ ಕಬ್ಬಿಣದ ತುಂಡನ್ನು ತೋರಿಸಿ, "ತಗೊಳಪ್ಪಾ, ಇದರ ಸೈಜ್ ನೋಡು" ಎನ್ನುತ್ತಿದ್ದ. ತಿರುವಿದ ಕಬ್ಬಿಣ ಒಲೆಯ ಮೇಲಿನ ಹಂಚಿನಷ್ಟು ಕಾದಿರುತ್ತದೆ ಎಂಬುದು ಪಾಪ ಆ ಹೊಸಬನಿಗೆ ಏನು ಗೊತ್ತು? ಅವನು ಹಿಡಿದು, ಕಿರುಚಿ, ಕೈ ಝಾಡಿಸಿಕೊಂಡು ಕುಣಿಯುವಾಗ ಪಂಚಾಕ್ಷರಿ ಸ್ಟೂಲಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಮೇಲೆ ಸುಟ್ಟ ಬೆರಳಿಗೆ ತಾನೇ ಮುಲಾಮು ಹಚ್ಚುತ್ತಿದ್ದ, ಅದೂ ನಿಜ. ಹಚ್ಚುವಾಗಲೂ ನಗುತ್ತಿದ್ದ.

ಇವನ ಹೆಂಡತಿ ಲಕ್ಷ್ಮವ್ವ. ಇಬ್ಬರೂ ರೋಣದ ಕಡೆಯವರು. ಮದುವೆಯಾಗಿ ಬಂದಾಗಿನಿಂದ ದಾಸರಹಳ್ಳಿಯಲ್ಲಿ ಸಂಸಾರ. ಮಕ್ಕಳಿಲ್ಲ. ಅವಳೇನು ಬಾಯಿಲ್ಲದವಳಲ್ಲ. ಸೊಪ್ಪಿನವಳ ಜೊತೆ ಒಂದು ಕಟ್ಟಿಗೆ ಅರ್ಧ ಗಂಟೆ ಜಗಳವಾಡುವಳು, ನಾದಿನಿ ಎಂದೋ ಆಡಿದ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವತ್ತಿಗೂ ಅವಳ ಮನೆಯ ಹೊಸ್ತಿಲು ತುಳಿಯದವಳು. ಆದರೆ ಒಂದು ವಿಷಯದಲ್ಲಿ ಮಾತ್ರ ಅವಳ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ. ಅದು ಅವಳ ಕೊರಳಲ್ಲಿದ್ದ ಲಿಂಗ. ತೊಟ್ಟಿಲಲ್ಲಿದ್ದಾಗ ಅಜ್ಜಿ ಮಠದ ಅಯ್ಯನವರನ್ನು ಕರೆಸಿ ಕಟ್ಟಿಸಿದ್ದು. ಬೆಳ್ಳಿಯ ಕರಡಿಗೆಯೊಳಗೆ, ಶಿವದಾರದಲ್ಲಿ, ಹಗಲು ರಾತ್ರಿ ಎದೆಯ ಮೇಲೆ. ಬೆಳಿಗ್ಗೆ ಸ್ನಾನ ಮಾಡಿ, ಕರಡಿಗೆ ತೆರೆದು, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ವಿಭೂತಿ ಧರಿಸಿ, ಪತ್ರಿ ಏರಿಸಿ, ಅದನ್ನೇ ದಿಟ್ಟಿಸಿ ಕೂತು ಏಳುವವರೆಗೆ ಒಂದು ಗುಟುಕು ನೀರೂ ಬಾಯಿಗೆ ಹೋಗುವಂತಿಲ್ಲ. ಜ್ವರ ಬಂದರೂ ಅಷ್ಟೇ, ರೈಲಿನಲ್ಲಿದ್ದರೂ ಅಷ್ಟೇ.

"ಹೋಗೂ ದಿನ ಇದು ನನ್ನ ಕೈಯಾಗ ಇರಬೇಕ್ರಿ. ಮತ್ತೇನೂ ಬ್ಯಾಡ" ಎಂದು ಗಂಡನಿಗೆ ಎಷ್ಟೋ ಸಲ ಹೇಳಿದ್ದಳು. ಅವರಲ್ಲಿ ಸತ್ತವರನ್ನು ಕುಳ್ಳಿರಿಸಿ, ಎಡ ಅಂಗೈಯಲ್ಲಿ ಅವರದೇ ಲಿಂಗವನ್ನಿಟ್ಟು ಮಣ್ಣು ಕೊಡುತ್ತಾರೆ.

ಪಂಚಾಕ್ಷರಿಯ ಲಿಂಗ ದೇವರ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಲೇತಿನ ಮುಂದೆ ಕೊರಳಲ್ಲಿ ದಾರ ಇರಬಾರದು, ತಿರುಗುವ ಚಕ್ಕಿಗೆ ಸಿಕ್ಕರೆ ಕುತ್ತಿಗೆಯನ್ನೇ ಎಳೆದುಕೊಳ್ಳುತ್ತದೆ ಎಂಬುದು ನೆಪ. ರವಿವಾರ ಲೇತು ಎಲ್ಲಿತ್ತು ಎಂದು ಕೇಳಿದರೆ ನಗುವನು. ಆದರೆ ಆ ನಗುವಿನ ಅಡಿಯಲ್ಲಿ ಒಂದು ಹೆದರಿಕೆ ಇತ್ತು. ಚಿಕ್ಕವನಿದ್ದಾಗ ಅಪ್ಪನನ್ನು ಕುಣಿಯೊಳಗೆ ಕೂರಿಸಿದ್ದನ್ನು, ತೆರೆದ ಅಂಗೈಯ ಮೇಲೆ ಆ ಕರಿಯ ಲಿಂಗ ಇಟ್ಟಿದ್ದನ್ನು ಕಣ್ಣಾರೆ ಕಂಡಿದ್ದ. ಕೈಯಲ್ಲಿ ಲಿಂಗವಿಲ್ಲದೆ ಹೋದವರದು ನಾಯಿಯ ಸಾವು ಎಂದು ಅವ್ವ ಹೇಳಿದ್ದು ಕಿವಿಯಲ್ಲೇ ಉಳಿದಿತ್ತು. ಹಾಗಾಗಿ ಆಗಾಗ ಮೊಳೆಯ ಕಡೆ ಕಣ್ಣು ಹಾಯಿಸಿ ಹೆಂಡತಿಗೆ ಹೇಳುವನು: "ನಾ ಹೋಗೂ ದಿನ ನೀನ ಕಟ್ಟಿಬಿಡು. ಮರಿಬ್ಯಾಡ ಮತ್ತ."

ತೊಂಬತ್ತೈದರ ಆರಂಭದಲ್ಲಿ ಪಂಪ್ ಕಂಪನಿಯವರಿಗೆ ಅದೇನು ಹುಮ್ಮಸ್ಸು ಬಂತೋ, ತಮಗೆ ಸಾಮಾನು ಮಾಡಿಕೊಡುವ ಶೆಡ್ಡಿನವರನ್ನೆಲ್ಲ ಹೆಂಡತಿಯರ ಸಮೇತ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಕರೆದೊಯ್ಯುತ್ತೇವೆ ಎಂದರು. ಪೀಣ್ಯದ ಧೂಳಿನಲ್ಲಿ ಹುಟ್ಟಿದ ಸುದ್ದಿ ದಾಸರಹಳ್ಳಿಯ ನಲ್ಲಿಯ ಹತ್ತಿರ ಬರುವಷ್ಟರಲ್ಲಿ ಸಿಂಗಾಪುರವಾಗಿತ್ತು. ಲಕ್ಷ್ಮವ್ವ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡವಳು. ಗರಿಗರಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ವಿಭೂತಿ ಗಟ್ಟಿ, ಒಣಗಿಸಿದ ಪತ್ರಿ ಎಲ್ಲ ಕಟ್ಟಿಕೊಂಡಳು. ಪಂಚಾಕ್ಷರಿ ಚಿಕ್ಕಪೇಟೆಗೆ ಹೋಗಿ ಹೂವಿನ ಚಿತ್ರದ ಶರಟು, ಮೊಣಕಾಲಿನವರೆಗಿನ ಚಡ್ಡಿ ತಂದ.

ತಂಡದ ಮುಂದಾಳು ಕಂಪನಿಯ ಪರ್ಚೇಸ್ ಮ್ಯಾನೇಜರ್ ವಿಶ್ವನಾಥ್. ವೈಟ್‌ಫೀಲ್ಡ್‌ನಲ್ಲಿ ಬಂಗಲೆ, ಕಣ್ಣಿಗೆ ಕಪ್ಪು ಕನ್ನಡಕ. ಅವನ ಹೆಂಡತಿ ಹೇಮಲತಾ ಮಾತಿಗೊಮ್ಮೆ ಇಂಗ್ಲಿಷ್ ಉದುರಿಸುವವಳು. ಯಾರ ಜಾಬು ತೆಗೆದುಕೊಳ್ಳಬೇಕು, ಯಾರದನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಬೇಕು ಎನ್ನುವುದು ವಿಶ್ವನಾಥನ ಬೆರಳ ತುದಿಯಲ್ಲಿದ್ದದ್ದರಿಂದ ಶೆಡ್ಡಿನ ಯಜಮಾನರೆಲ್ಲ ಅವನು ಸೀನಿದರೂ ನಗುತ್ತಿದ್ದರು. ಅವರೆಲ್ಲರಿಗಿಂತ ಜೋರಾಗಿ ನಗಿಸಬೇಕು ಎನ್ನುವುದು ಪಂಚಾಕ್ಷರಿಯ ಹಟ.

ಕೊಚ್ಚಿಯಲ್ಲಿ ಹಡಗು ಹತ್ತಿದರು. ಬೆಳಗಾದರೆ ಕವರಟ್ಟಿ. ದ್ವೀಪದ ಹತ್ತಿರ ಆಳವಿಲ್ಲದ್ದರಿಂದ ಹಡಗು ದೂರದಲ್ಲೇ ನಿಲ್ಲುತ್ತದೆ. ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ಕಾಯುತ್ತಿದೆ, ಜನ ಸಾಲುಗಟ್ಟಿದ್ದಾರೆ, ಲಕ್ಷ್ಮವ್ವನ ಪತ್ತೆಯಿಲ್ಲ. ಹಡಗಿನ ಬಚ್ಚಲಿನ ಸಾಲಿನಲ್ಲಿ ನಿಂತು, ಸ್ನಾನ ಮುಗಿಸಿ, ಓಲಾಡುವ ಕ್ಯಾಬಿನ್ನಿನ ನೆಲದ ಮೇಲೆ ಕುಳಿತು ಲಿಂಗಪೂಜೆ ಮಾಡುತ್ತಿದ್ದಳು.

"ಏನ್ರೀ ಪಂಚಾಕ್ಷರಿ, ಕ್ಯಾಬಿನ್ನಲ್ಲಿ ಮಠ ಓಪನ್ ಮಾಡಿದ್ದೀರಾ?" ಎಂದಳು ಹೇಮಲತಾ. ಸಾಲಿಗೆ ಸಾಲೇ ನಕ್ಕಿತು.

ಪಂಚಾಕ್ಷರಿಯೂ ನಕ್ಕ. ಆದರೆ ಬೇರೆಯವರ ಬಾಯಿಂದ ಬಂದ ನಗು ಅವನಿಗೆ ಮೆಣಸಿನಕಾಯಿಯ ಹಾಗೆ ಹತ್ತಿತು. ನಗಿಸುವವನು ತಾನು, ನಗೆಪಾಟಲಾದದ್ದೂ ತಾನೇ! ದೋಣಿಗೆ ಜಿಗಿಯುವಾಗ, ಜನರನ್ನು ಇಳಿಸಿಕೊಳ್ಳಲು ನಿಂತಿದ್ದ ಖಲಾಸಿಯ ಕೊರಳನ್ನು ಮಗುವಿನಂತೆ ತಬ್ಬಿಕೊಂಡ. ಅದಕ್ಕೂ ನಕ್ಕರು. ಲಕ್ಷ್ಮವ್ವ ಮಾತ್ರ ಸೀರೆಯ ಕಚ್ಚೆ ಬಿಗಿದು, ಹೊಲದ ಬದು ದಾಟುವವಳ ಹಾಗೆ ಸಲೀಸಾಗಿ ಇಳಿದಳು.

ಆ ನೀರನ್ನು ಕಂಡು ಅವಳು ಮರುಳಾದಳು. ಹಸಿರೋ ನೀಲಿಯೋ ಹೇಳಲಾಗದ ನೀರು, ಅಡಿಯ ಮರಳು ಎಣಿಸಬಹುದಾದಷ್ಟು ತಿಳಿ. ಪಾದ ಇಟ್ಟಳು, ಮೊಣಕಾಲಿನ ತನಕ ಇಳಿದಳು, ಒಬ್ಬಳೇ ನಕ್ಕಳು. "ರೀ, ಇಲ್ಲಿ ನೋಡ್ರಿ, ಮೀನ ನನ್ನ ಕಾಲಿಗೆ ಮುತ್ತ ಕೊಡಾಕ ಹತ್ತ್ಯಾವ!" ಎಂದು ಕೂಗಿದಳು. ಗಂಡ ಕೇಳಿಸಿಕೊಳ್ಳಲಿಲ್ಲ. ವಿಶ್ವನಾಥನಿಗೆ ಎಳನೀರು ಕೆತ್ತಿಸುವುದರಲ್ಲಿದ್ದ.

ಮರುದಿನ ಕಲ್ಪೇನಿ. ಅಲ್ಲಿಯ ನೀರು ಇನ್ನೂ ಚೆಂದ. ಅಲೆಯೇ ಇಲ್ಲದೆ ದೊಡ್ಡ ಹಳ್ಳದಂತೆ ನಿಂತಿತ್ತು. ಹೆಂಗಸರೆಲ್ಲ ಉಟ್ಟ ಬಟ್ಟೆಯಲ್ಲೇ ಇಳಿದು ಕೇಕೆ ಹಾಕುತ್ತಿದ್ದರು. ಲಕ್ಷ್ಮವ್ವ ದಡದಲ್ಲಿ ಕೂತು ಅವರನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿದ್ದ ಆಸೆ ಪಂಚಾಕ್ಷರಿಗೆ ಕಂಡಿತು. ಆಸೆ ಕಂಡ ಕಡೆ ಚೇಷ್ಟೆಯ ದಾರಿ ಹುಡುಕುವ ಬುದ್ಧಿ ಅವನದು.

"ನೀನೂ ಹೋಗಬಾರದೇನ?" ಎಂದ.

"ಹೆಂಗ ಹೋಗ್ಲಿ? ಕೊರಳಾಗ ಲಿಂಗ ಐತಿ. ಉಪ್ಪನೀರು ಹತ್ತಿ ಕೆಟ್ಟೀತು."

"ನನ್ನ ಕಡೆ ಕೊಡು. ನಾ ಏನ್ ತಿಂತೀನೇನು ಅದನ್ನ?"

ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಹುಟ್ಟಿದಾಗಿನಿಂದ ಪರರ ಕೈಗೆ ಕೊಟ್ಟದ್ದಲ್ಲ. ನೀರಿನ ಕಡೆ ನೋಡಿದಳು, ಗಂಡನ ಮುಖ ನೋಡಿದಳು. "ಜ್ವಾಕಿ ಇಟ್ಕೋರಿ" ಎಂದು ಶಿವದಾರ ಬಿಚ್ಚಿ, ಕರಡಿಗೆಯನ್ನು ಹಣೆಗೊತ್ತಿಕೊಂಡು ಅವನ ಅಂಗೈಯಲ್ಲಿಟ್ಟಳು. ಆಮೇಲೆ ಹದಿನಾರರ ಹುಡುಗಿಯಂತೆ ನೀರಿಗೆ ಓಡಿದಳು.

ಇವನು ನೆಟ್ಟಗೆ ಗಂಡಸರ ಗುಂಪಿಗೆ ಬಂದ. ಕರಡಿಗೆಯ ಮುಚ್ಚಳ ತೆರೆದು, "ನೋಡಿ ಸಾರ್, ಇದೇ ನಮ್ಮನೆ ಹೈಕಮಾಂಡು. ನಿನ್ನೆ ದೋಣಿ ನಿಲ್ಲಿಸಿದ್ದು ಇದೇ" ಎಂದ. ಹೋ ಎಂದು ನಗು. "ಈಗ ಒಂದು ತಮಾಷೆ ನೋಡ್ತಿರಿ" ಎಂದು ಮುಚ್ಚಳ ಒತ್ತಿ ಚಡ್ಡಿಯ ಜೇಬಿಗೆ ಸೇರಿಸಿದ. ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಜಾಬನ್ನು ಎಸೆಯುವ ಮನುಷ್ಯ, ಆ ಮುಚ್ಚಳ ಸರಿಯಾಗಿ ಕೂತಿತೋ ಇಲ್ಲವೋ ನೋಡಲಿಲ್ಲ. ವಿಶ್ವನಾಥನ ಜೊತೆ ಹುಟ್ಟು ಹಾಕುವ ಪುಟ್ಟ ದೋಣಿ ಹತ್ತಿದ, ಎರಡು ಸಲ ಮಗುಚಿಕೊಂಡ, ನಕ್ಕ, ಮತ್ತೆ ಹತ್ತಿದ.

ಲಕ್ಷ್ಮವ್ವ ತೊಯ್ದ ಸೀರೆ ಹಿಂಡಿಕೊಳ್ಳುತ್ತ ಬಂದು ಕೈ ನೀಡಿದಾಗ ಪಂಚಾಕ್ಷರಿ ಮುಖ ಸಣ್ಣದು ಮಾಡಿ, "ದ್ವಾಣಿ ಮಗಚಿತು ನೋಡ. ಕೈಯಾಗಿದ್ದದ್ದು ನೀರಾಗ ಬಿತ್ತು" ಎಂದ. ಎಲಾ ಇವನ! ಆ ಮುಖ ಮಾಡುವುದನ್ನು ಯಾವ ನಾಟಕದವನಿಂದಲೂ ಕಲಿಯಬೇಕಿರಲಿಲ್ಲ.

ಅವಳು ಕಿರುಚಲಿಲ್ಲ. "ಎಲ್ಲಿ?" ಎಂದಳು ಅಷ್ಟೇ. ಅವನು ಬೆರಳು ತೋರಿಸಿದ ಕಡೆ ನಡೆದು, ಮೊಣಕಾಲೂರಿ, ಎರಡೂ ಕೈಯಿಂದ ಮರಳನ್ನು ಬಾಚತೊಡಗಿದಳು. ಸೊಂಟದ ತನಕ ನೀರು. ಮುಖ ಮುಳುಗಿಸಿ ನೋಡುವಳು, ಕೆಮ್ಮುವಳು, ಮತ್ತೆ ಮುಳುಗಿಸುವಳು. ಹವಳದ ಚೂರು ತಾಗಿ ಬೆರಳು ಸೀಳಿ ರಕ್ತ ಬರುತ್ತಿತ್ತು. ಪಂಚಾಕ್ಷರಿ ದಡದಿಂದ, "ಇನ್ನೂ ಸ್ವಲ್ಪ ಎಡಕ್ಕ... ಅಲ್ಲಲ್ಲ, ಬಲಕ್ಕ!" ಎಂದು ದಾರಿ ತೋರಿಸುತ್ತಿದ್ದ. ಗಂಡಸರು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಹೇಮಲತಾ ಮೊದಲು ನಕ್ಕಳು, ಆಮೇಲೆ ಬೇರೆ ಕಡೆ ತಿರುಗಿ ಕೂತಳು. ನಿಲ್ಲಿಸಿ ಎಂದು ಒಬ್ಬರಾದರೂ ಅಂದರೇ? ಇಲ್ಲ. ಕಡೆಯ ದೋಣಿ ಹೊರಡುವಾಗ ಖಲಾಸಿಗಳು ಅವಳ ರಟ್ಟೆ ಹಿಡಿದು ಎತ್ತಿ ತಂದರು.

ಲಿಂಗವನ್ನು ಊಟದ ಹೊತ್ತಿಗೆ ಎಲ್ಲರೆದುರು ಕೊಟ್ಟು, ಅವಳ ಮುಖ ಅರಳುವುದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಅವನ ಲೆಕ್ಕಾಚಾರ. ಅವಳು ಕ್ಯಾಬಿನ್ನಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಡಗಿನ ಊಟದ ಕೋಣೆಯಲ್ಲಿ ಪಂಚಾಕ್ಷರಿ ಎದ್ದು ನಿಂತು, "ಕರ್ಕೊಂಡು ಬರ್ತೀನಿ, ಎಲ್ಲ ರೆಡಿ ಇರಿ" ಎಂದು ಕಣ್ಣು ಹೊಡೆದು ಜೇಬಿಗೆ ಕೈ ಹಾಕಿದ. ಕರಡಿಗೆ ಬೆರಳಿಗೆ ತಾಗಿದ ಕ್ಷಣವೇ ಗೊತ್ತಾಯಿತು. ಹಗುರ. ಹೊರಗೆ ತೆಗೆದು ನೋಡಿದರೆ ಮುಚ್ಚಳ ಬಾಯಿ ಬಿಟ್ಟುಕೊಂಡಿತ್ತು, ಒಳಗೆ ಒಂದು ಚಿಟಿಕೆ ಮರಳು. ಸುಳ್ಳು ಹೇಳಿದ್ದು ನಿಜವಾಗಿತ್ತು.

ನೆರೆದವರ ನಗು ನಿಂತಿತು. "ಹೇಳಿಬಿಡ್ರೀ ಅವರಿಗೆ, ಪಾಪ" ಎಂದಳು ಹೇಮಲತಾ.

"ಹೇಳಿದ್ರೆ ಸಮುದ್ರಕ್ಕೆ ಹಾರ್ತಾಳೆ ಮೇಡಂ. ನೀವ್ಯಾರೂ ಬಾಯಿ ಬಿಡ್ಬೇಡಿ" ಎಂದ ಪಂಚಾಕ್ಷರಿ. ಯಾರೂ ಬಿಡಲಿಲ್ಲ. ಐಸ್‌ಕ್ರೀಮು ಬಂತು, ತಿಂದರು.

ಲಕ್ಷ್ಮವ್ವ ಅಂದಿನಿಂದ ಬಾಯಿ ತೆರೆಯಲಿಲ್ಲ, ಅನ್ನಕ್ಕೂ ನೀರಿಗೂ. ಮರುದಿನ ಮಿನಿಕಾಯ್ ಬಂತು. ಅವಳು ಇಳಿಯಲಿಲ್ಲ, ಹಡಗಿನ ಕಟಕಟೆ ಹಿಡಿದು ನೀರನ್ನೇ ನೋಡುತ್ತ ಕೂತಳು. ಪಂಚಾಕ್ಷರಿ ಇಳಿದ. ದೀಪಸ್ತಂಭ ಹತ್ತಿ ಫೋಟೋ ತೆಗೆಸಿಕೊಂಡ. ಅವನು ಹಿಂತಿರುಗುವಷ್ಟರಲ್ಲಿ ಅವಳು ಬಿದ್ದು, ಹಡಗಿನ ಡಾಕ್ಟರು ಸೂಜಿ ಚುಚ್ಚಿ ಗ್ಲೂಕೋಸ್ ಬಾಟಲಿ ಏರಿಸಿದ್ದರು. ಬಾಯಿಯ ಮೂಲಕ ಹೋಗದ್ದಕ್ಕೆ ಅವಳು ಬೇಡವೆನ್ನಲಿಲ್ಲವೋ, ಬೇಡವೆನ್ನುವಷ್ಟು ಎಚ್ಚರ ಇರಲಿಲ್ಲವೋ.

"ಉಣ್ಣು ಮಾರಾಯ್ತಿ. ಎಲ್ಲರೂ ನಮ್ಮನ್ನ ನೋಡಾಕ ಹತ್ತ್ಯಾರ" ಎಂದ.

"ಅದು ಕೆಳಗ ನೀರಾಗ ಐತಿ. ನಾ ಮ್ಯಾಲ ಕುಂತು ಹೆಂಗ ಉಣ್ಲಿ? ನಂದ ತಪ್ಪು. ನೀರಿನ ಆಸೇಕ್ಕ ಬಿಚ್ಚಿ ಕೊಟ್ಟೆ" ಎಂದು ಅಳತೊಡಗಿದಳು. ತಪ್ಪು ನಿನ್ನದಲ್ಲ ಎಂಬ ಒಂದು ಮಾತು ಅವನ ನಾಲಿಗೆಯ ತುದಿಗೆ ಬರಲಿಲ್ಲ. ಬಂದಿದ್ದರೂ ನುಂಗುತ್ತಿದ್ದ.

ಬೆಂಗಳೂರಿಗೆ ಬಂದ ಬೆಳಿಗ್ಗೆ, ರೈಲಿನಲ್ಲಿ ಹೆಣದಂತೆ ಬಂದವಳನ್ನು ಮನೆಯಲ್ಲಿ ಮಲಗಿಸಿ, "ಅದು ನೀರಾಗ ಬಿದ್ದೇ ಇಲ್ಲಂತ. ಹೇಮಲತಾ ಮೇಡಂ ಟವೆಲ್ಲಿನಾಗ ಕರಡಿಗಿ ಸುತ್ತಿಕೊಂಡ ಹೋಗೈತಂತ! ಸ್ಟೇಷನ್‌ನಾಗ ಹೇಳಿದ್ರು. ವೈಟ್‌ಫೀಲ್ಡಿಗೆ ಹೋಗಿ ತರ್ತೀನಿ" ಎಂದ. ಅವಳು ಹಾಸಿಗೆಯಿಂದ ಎದ್ದು ಕೂತು ಅವನ ಕಾಲು ಮುಟ್ಟಲು ಬಗ್ಗಿದಳು. ಆ ಮುಖ ನೋಡಿಯೂ ಅವನಿಗೆ ಏನೂ ಅನ್ನಿಸಲಿಲ್ಲವೇ? ಅನ್ನಿಸಿತಂತೆ. ಪಾರಾದೆ ಅನ್ನಿಸಿತಂತೆ.

ವೈಟ್‌ಫೀಲ್ಡಿಗೆ ಯಾರು ಹೋಗುತ್ತಾರೆ? ಕೂಗಳತೆಯಲ್ಲಿ ದಾಸರಹಳ್ಳಿಯ ಮಠವಿತ್ತು. ಕೇಳಿದ್ದರೆ ಅಯ್ಯನವರು ಹೊಸ ಲಿಂಗ ಕಟ್ಟಿ ಹರಸುತ್ತಿದ್ದರು. ಆದರೆ ಯಾರದು ಹೋಯಿತು, ಹೇಗೆ ಹೋಯಿತು ಎಂದೂ ಕೇಳುತ್ತಿದ್ದರು. ಪಂಚಾಕ್ಷರಿ ಸೀದಾ ಶೆಡ್ಡಿಗೆ ಹೋದ. ಒಳ್ಳೆಯ ಉಕ್ಕಿನ ಸಲಾಕೆ ಆರಿಸಿ ಲೇತಿಗೆ ಕಟ್ಟಿದ. ಕರಡಿಗೆಯ ಒಳಗಿನ ಅಳತೆ ಹಿಡಿದು, ಅಡಿ ಚಪ್ಪಟೆ, ಮೇಲೆ ದುಂಡು, ಎಮರಿ ಕಾಗದ ಹಾಕಿ ಕನ್ನಡಿಯಂತೆ ತಿಕ್ಕಿದ. ಕಾಯಿಸಿ ಸುಟ್ಟೆಣ್ಣೆಯಲ್ಲಿ ಅದ್ದಿದ, ಉಕ್ಕು ಕರ್ರಗಾಯಿತು. ಮೇಲೆ ದೀಪದ ಮಸಿ, ಹರಳೆಣ್ಣೆ, ಮೇಣ. ಪಕ್ಕದ ಲೇತಿನ ಅಮರಪ್ಪ, "ಏನ್ ಜಾಬ್ ಅಣ್ಣ ಅದು?" ಎಂದು ಕೇಳಿದಾಗ, "ಎಕ್ಸ್‌ಪೋರ್ಟ್ ಆರ್ಡರ್" ಎಂದು ನಕ್ಕ. ಭಯ ಆಗಲೇ ಹೋಗಿತ್ತು. ಜಾಬು ಚೆನ್ನಾಗಿ ಬಂದಿದೆ ಎಂಬ ಹೆಮ್ಮೆ ಉಳಿದಿತ್ತು.

ಲಕ್ಷ್ಮವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ, "ಭಾರ ಆಗೈತಲ್ರಿ?" ಎಂದಳು.

"ಸಮುದ್ರದ ಉಪ್ಪು ಕುಡದೈತಿ. ನೀನೂ ಊಟ ಬಿಟ್ಟು ನಿತ್ರಾಣ ಆಗೀದಿ. ಭಾರ ಅನ್ನಸ್ತೈತಿ" ಎಂದ.

ಅವಳು ನಂಬಿದಳು. ಪೂಜೆ ಮಾಡಿ, ಆಮೇಲೆ ನೀರು ಕುಡಿದಳು. ಮಾಡಿದ ತಪ್ಪಿಗೆ ದಂಡವೆಂದು ಸೋಮವಾರ ಪೂರ್ತಿ ಉಪವಾಸ ಹಿಡಿದಳು. ಚಹಕ್ಕೆ ಸಕ್ಕರೆ ಬಿಟ್ಟಳು. ದಿನಾ ಬೆಳಿಗ್ಗೆ ಆ ಉಕ್ಕಿನ ತುಂಡಿಗೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಣ್ಣು ತುಂಬಿಕೊಂಡು, "ನನ್ನ ಕ್ಷಮಿಸು ನನ್ನಪ್ಪ" ಎನ್ನುತ್ತಿದ್ದಳು. ಪಂಚಾಕ್ಷರಿ ಪೇಪರಿನ ಹಿಂದೆ ಭುಜ ಕುಣಿಸಿ ನಗುತ್ತಿದ್ದ. ವಿಶ್ವನಾಥನ ಮನೆಯ ಪಾರ್ಟಿಗಳಲ್ಲಿ ಈ ಕತೆಗೆ ಬೇಡಿಕೆ ಬಂತು. "ಸಾರ್, ನಮ್ಮ ಮನೆಯವಳು ದಿನಾ ನನ್ನ ಲೇತಿಗೇ ಕೈ ಮುಗಿಯೋದು!" ಎಂದರೆ ವೈಟ್‌ಫೀಲ್ಡಿನ ಆ ಹುಲ್ಲುಹಾಸಿನ ಮೇಲೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಆ ನಗುವಿನಿಂದ ಅವನಿಗೆ ಆರ್ಡರೂ ಹೆಚ್ಚಿತು.

ಎರಡು ವರ್ಷ ಹೀಗೆ ನಡೆಯಿತು. ಹೆಚ್ಚಿದ ಆರ್ಡರಿಗಾಗಿ ಶೆಡ್ಡಿಗೆ ಹಳೆಯದೊಂದು ಸರ್ಫೇಸ್ ಗ್ರೈಂಡರ್ ಬಂತು. ಅದರ ಮೇಜೇ ಅಯಸ್ಕಾಂತ. ಹಿಡಿಕೆ ತಿರುಗಿಸಿದರೆ ಮೇಲಿಟ್ಟ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ. ಆಯುಧಪೂಜೆಯ ದಿನ ಲಕ್ಷ್ಮವ್ವ ಕುಂಕುಮದ ಬಟ್ಟಲು ಹಿಡಿದು ಒಂದೊಂದೇ ಮಷೀನಿಗೆ ಹಚ್ಚುತ್ತ ಬಂದಳು. ಗ್ರೈಂಡರಿನ ಹುಡುಗರು ಬಾಳೆಕಂದು ಕಟ್ಟುವ ಗಡಿಬಿಡಿಯಲ್ಲಿ ಹಿಡಿಕೆ ಹಿಂದಕ್ಕೆ ತಿರುಗಿಸಿರಲಿಲ್ಲ. ಅವಳು ಬಗ್ಗಿದಳು. ಎದೆಯ ಮೇಲಿನ ಕರಡಿಗೆ ಮುಂದಕ್ಕೆ ಜೋತು ಬಿತ್ತು.

ಟಕ್.

ಏಳಲು ಹೋದಳು, ಆಗಲಿಲ್ಲ. ಶಿವದಾರ ಕತ್ತನ್ನು ಕೆಳಗೆಳೆದು ಹಿಡಿದಿತ್ತು. ಹಸು ಗೂಟಕ್ಕೆ ಸಿಕ್ಕಿಕೊಂಡ ಹಾಗೆ ಬಗ್ಗಿಯೇ ನಿಂತಳು. ಗ್ರೈಂಡರ್ ನಡೆಸುವ ಸೊಣ್ಣಪ್ಪ ಅಲ್ಲೇ ನಾಗಸಂದ್ರದವನು, ಕಪಟ ಅರಿಯದವನು. "ಅಕ್ಕ, ಅದ್ರೊಳ್ಗೆ ಕಬ್ಬಿಣ ಮಡ್ಗಿದ್ದೀರಾ? ಬೆಳ್ಳಿ, ಕಲ್ಲು ಎಲ್ಲ ಇಂಗೆ ಅಂಟಾಕಿಲ್ಲ" ಎಂದ.

ಲಕ್ಷ್ಮವ್ವ ಬಗ್ಗಿದ ಕಡೆಯಿಂದಲೇ ಕತ್ತು ಹೊರಳಿಸಿ ಗಂಡನನ್ನು ನೋಡಿದಳು. ಪಂಚಾಕ್ಷರಿಗೆ ಬೇರೇನೂ ತೋಚದೆ ನಗು ಬಂದುಬಿಟ್ಟಿತು. ಮುಂದೆ ಬಂದು ಹಿಡಿಕೆ ತಿರುಗಿಸಿದ. ಅವಳು ಬಿಡುಗಡೆಯಾಗಿ ನಿಂತು, ಕರಡಿಗೆ ತೆರೆದು, ಅದನ್ನು ಹೊರತೆಗೆದು, ಸೊಣ್ಣಪ್ಪನ ಮೇಜಿನ ಚೂಪು ಮೊಳೆಯಿಂದ ಗೀರಿದಳು. ಮಸಿ ಸರಿದು ಉಕ್ಕು ಬೆಳ್ಳಗೆ ಹೊಳೆಯಿತು.

"ನಂದು ಎಲ್ಲೈತ್ರಿ?"

"ಸಮುದ್ರದಾಗ" ಎಂದ. ಹುಡುಗರ ಮುಂದೆ ಸಣ್ಣವನಾಗಬಾರದೆಂದು ನಗುತ್ತಲೇ ಎಲ್ಲ ಹೇಳಿದ. ಜೇಬು, ಮುಚ್ಚಳ, ಟವೆಲ್ಲಿನ ಸುಳ್ಳು. "ಆದ್ರ ಜಾಬ್ ಹೆಂಗೈತಿ ನೋಡು, ಎರಡ ವರ್ಷ ನಿನಗ ಗೊತ್ತಾಗ್ಲಿಲ್ಲ!"

"ಈ ನಡುವ ನಾ ಸತ್ತಿದ್ರ? ಇದನ್ನ ಕೈಯಾಗ ಇಟ್ಟು ಮಣ್ಣ ಕೊಡ್ತಿದ್ರೇನ್ರಿ?"

"ಯಾರಿಗ ಗೊತ್ತಾಗ್ತಿತ್ತು?" ಎಂದುಬಿಟ್ಟ.

ಅವಳು ಕುಂಕುಮದ ಬಟ್ಟಲು ಎತ್ತಿಕೊಂಡಳು. ಉಳಿದ ಮಷೀನುಗಳಿಗೂ ಕುಂಕುಮ ಹಚ್ಚಿದಳು, ಹುಡುಗರಿಗೆ ಮಂಡಕ್ಕಿ, ಪೇಡೆ ಹಂಚಿದಳು, ಮನೆಗೆ ಹೋದಳು. ಮರುದಿನ ಮಠಕ್ಕೆ ಹೋಗಿ ಅಯ್ಯನವರ ಕೈಯಿಂದ ಹೊಸ ಲಿಂಗ ಕಟ್ಟಿಸಿಕೊಂಡು ಬಂದಳು. ಅಯ್ಯನವರು ಸಮಾಧಾನಕ್ಕೆ, "ನೀ ಭಕ್ತಿಯಿಂದ ಪೂಜಿಸಿದಿ ತಾಯಿ, ಆ ಕಬ್ಬಿಣನೂ ಲಿಂಗ ಆಗಿತ್ತು" ಎಂದರಂತೆ. ಅವಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಪಂಚಾಕ್ಷರಿಗೆ ಮಾತ್ರ ಹಬ್ಬವಾಯಿತು. ಕತೆಗೆ ಒಳ್ಳೆಯ ಮುಕ್ತಾಯ ಸಿಕ್ಕಿತು. ಬೈಗುಳ ಬರುತ್ತದೆಂದು ಕಾದಿದ್ದ, ಬರಲಿಲ್ಲ. ರೊಟ್ಟಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ನಾದಿನಿಯ ಒಂದು ಮಾತನ್ನು ಇವತ್ತಿಗೂ ಹೊಟ್ಟೆಯಲ್ಲಿಟ್ಟುಕೊಂಡವಳು ಇವಳೇ ಎಂಬುದು ಆ ಮೂಢನಿಗೆ ಹೊಳೆಯಲಿಲ್ಲ.

"ಆ ನನ್ನ ಜಾಬ್ ಏನ್ ಮಾಡಿದಿ?" ಎಂದು ಒಮ್ಮೆ ಕೇಳಿದ.

"ಇಟ್ಟೀನಿ" ಎಂದಳು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಒಬ್ಬ ಹೊಸಬನಿಗೆ ಕಾದ ತುಂಡು ತೋರಿಸಿ ನಗುತ್ತಿದ್ದಂತೆಯೇ ಪಂಚಾಕ್ಷರಿಯ ಬಾಯಿ ಸೊಟ್ಟಗಾಯಿತು. ನಗುತ್ತಿದ್ದಾನೆಂದೇ ಹುಡುಗರು ಸ್ವಲ್ಪ ಹೊತ್ತು ನೋಡಿದರು. ಸ್ಟೂಲಿನಿಂದ ಕೆಳಗೆ ಬಿದ್ದಾಗ ಗೊತ್ತಾಯಿತು. ಆಸ್ಪತ್ರೆಯವರು ಒಂದಷ್ಟು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಬಲಗೈ ಬಲಗಾಲು ಸತ್ತಿದ್ದವು, ಮಾತು ಹೋಗಿತ್ತು. ಕಿವಿ, ಕಣ್ಣು, ಬುದ್ಧಿ ಮಾತ್ರ ನೆಟ್ಟಗಿದ್ದವು. ಅದೇ ಅವನ ಗ್ರಹಚಾರ.

ಮಂಚವನ್ನು ನಡುಮನೆಯಲ್ಲಿ ಹಾಕಿದ್ದರು. ಅಲ್ಲಿಂದ ದೇವರ ಕೋಣೆಯ ಬಾಗಿಲು ಕಾಣುತ್ತಿತ್ತು, ಒಳಗಿನ ಮೊಳೆ ಕಾಣುತ್ತಿರಲಿಲ್ಲ. ದಿನವಿಡೀ ಎಡಗೈ ಎತ್ತಿ ಆ ಕಡೆ ತೋರಿಸುವನು, ಎದೆ ಮುಟ್ಟಿಕೊಳ್ಳುವನು, "ಊ... ಊ..." ಎನ್ನುವನು. ಹೆದರಿಕೆ ಹೊರಗೆ ಬಂದಿತ್ತು. ಕಣ್ಣು ಮುಚ್ಚಿದರೆ ಅಪ್ಪನ ತೆರೆದ ಅಂಗೈ. ಲಕ್ಷ್ಮವ್ವ ನೋಡಿಯೂ ನೋಡದವಳಂತೆ ಮೈ ಒರೆಸುವಳು, ಬಟ್ಟೆ ಬದಲಿಸುವಳು, ಗಂಜಿ ಕುಡಿಸುವಳು. ಆರೈಕೆಯಲ್ಲಿ ಒಂದು ಕುಂದಿಲ್ಲ.

ಒಂದು ಭಾನುವಾರ ವಿಶ್ವನಾಥ್, ಹೇಮಲತಾ ಹಣ್ಣಿನ ಬುಟ್ಟಿ ಹಿಡಿದು ನೋಡಲು ಬಂದರು. ಪಂಚಾಕ್ಷರಿ ಮತ್ತೆ ಕೈ ಎತ್ತಿದ. "ಏನೋ ಕೇಳ್ತಿದ್ದಾರೆ ಕಣ್ರೀ" ಎಂದಳು ಹೇಮಲತಾ.

"ಲಿಂಗ ಕೇಳಾಕ ಹತ್ತ್ಯಾರ್ರಿ. ಹೋಗೂ ದಿನ ನೀನ ಕಟ್ಟು ಅಂತ ಮೊದಲಿಂದ ಹೇಳ್ತಿದ್ರು" ಎಂದಳು ಲಕ್ಷ್ಮವ್ವ. ಕೈಕಾಲು ತೊಳೆದು ಬಂದು, ಒಳಗಿನಿಂದ ಕರಡಿಗೆ ತಂದಳು. ಅವನದೇ ಕರಡಿಗೆ, ಹೊಸ ಶಿವದಾರ. ಹಣೆಗೆ ವಿಭೂತಿ ಎಳೆದು, ತಲೆಯನ್ನು ಮೆಲ್ಲಗೆ ಎತ್ತಿ, ಎಲ್ಲರೆದುರು ಕೊರಳಿಗೆ ಕಟ್ಟಿದಳು. ಪಂಚಾಕ್ಷರಿಯ ಕಣ್ಣಲ್ಲಿ ನೀರು ಬಂತು. ಅಬ್ಬಾ, ಬಂತು, ಎಂದು ಎಡಗೈಯಲ್ಲಿ ಕರಡಿಗೆಯನ್ನು ಹಿಡಿದುಕೊಂಡ.

ಹಿಡಿದವನ ಕೈ ನಿಂತಿತು. ಆ ಕೈಗೆ ತಕ್ಕಡಿ ಎಂದೂ ಬೇಕಾಗಿರಲಿಲ್ಲ.

"ನೋಡಿ, ಎಷ್ಟು ನೆಮ್ಮದಿ ಆಯ್ತು ಅವರಿಗೆ, ಕಣ್ಣೀರೇ ಬಂತು" ಎಂದು ಹೇಮಲತಾ ತಾನೂ ಕಣ್ಣೊರೆಸಿಕೊಂಡಳು. "ನಿಮ್ಮಂಥ ಹೆಂಡ್ತಿ ಸಿಗೋಕೆ ಪುಣ್ಯ ಮಾಡಿರ್ಬೇಕು ಲಕ್ಷ್ಮವ್ವ." ಪಂಚಾಕ್ಷರಿ ತಲೆ ಅಲ್ಲಾಡಿಸಿದ, ಕೂಗಿದ, ಮಂಚ ಗುದ್ದಿದ. ಸಂಕಟ ಹೆಚ್ಚಾಗಿದೆ, ಮಲಗಿಸಿ ಎಂದು ಹೇಳಿ ಅವರು ಹೊರಟುಹೋದರು.

ಲಕ್ಷ್ಮವ್ವ ಬಾಗಿಲು ಹಾಕಿ ಬಂದು ಮಂಚದ ಪಕ್ಕ ಕೂತಳು. ಸೆರಗಿನ ಗಂಟಿನಿಂದ ಏನೋ ಬಿಚ್ಚಿದಳು. ಶೆಡ್ಡಿನಲ್ಲಿ ಕಬ್ಬಿಣದ ಪುಡಿ ಆರಿಸುವ ಲಾಳದ ಆಕಾರದ ಅಯಸ್ಕಾಂತ. ಅದನ್ನು ಅವನ ಎದೆಯ ಹತ್ತಿರ ತಂದಳು.

ಟಕ್.

ಅವನು ಕಣ್ಣರಳಿಸಿ ಅವಳನ್ನೇ ನೋಡಿದ. ಗಂಟಲಿನಿಂದ ಒಂದು ಸದ್ದು ಹೊರಟಿತು.

"ನಿಮ್ಮದು ಎಲ್ಲೈತಿ ಅಂತ ಕೇಳಾಕ ಹತ್ತೀರೇನ್ರಿ?" ಎಂದಳು. "ಸಮುದ್ರದಾಗ."

ಎಡಗೈಯಿಂದ ಶಿವದಾರ ಕಿತ್ತುಹಾಕಲು ನೋಡಿದ. ಹೊಸ ದಾರ, ಗಟ್ಟಿ ಗಂಟು. ಒಂದೇ ಕೈಗೆ ಬಗ್ಗಲಿಲ್ಲ. ಅಳತೊಡಗಿದ. ಅವಳು ಸೆರಗಿನಿಂದ ಅವನ ಮುಖ ಒರೆಸಿದಳು.

"ಅಳಬ್ಯಾಡ್ರಿ. ಯಾರಿಗ ಗೊತ್ತಾಗ್ತೈತಿ?"

ಅಡುಗೆಮನೆಗೆ ಹೋಗಿ ಗಂಜಿಯ ಬಟ್ಟಲು ತಂದು, ಚಮಚದಲ್ಲಿ ಊದಿ ಆರಿಸಿ ತುಟಿಯ ಹತ್ತಿರ ಹಿಡಿದಳು. ಪಂಚಾಕ್ಷರಿ ಹಲ್ಲು ಕಚ್ಚಿದ. ಲಕ್ಷ್ಮವ್ವ ಅವಸರ ಮಾಡಲಿಲ್ಲ. ಚಮಚ ಹಿಡಿದುಕೊಂಡೇ ಕೂತಳು. ಹಡಗಿನ ಮೇಲೆ ಅವಳು ಬೀಳುವ ತನಕ ತೆರೆಯದ ಬಾಯಿಯನ್ನು ಅವನೂ ಎಷ್ಟು ಹೊತ್ತು ಬಿಗಿಹಿಡಿಯುತ್ತಾನೋ ನೋಡುವವಳಂತೆ. ಬಹಳ ಹೊತ್ತೇನೂ ಆಗಲಿಲ್ಲ. ಹಸಿವಾಗಿತ್ತು, ಬಾಯಿ ತೆರೆದ.